ಕೇಳದೆ ಕೊಡದ ಮದ್ದು

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಬಿಟ್ಟು ಒಂದು ಮೈಲಿ ಒಳಗೆ ನಡೆದರೆ, ಶಿಂಷಾ ಹೊಳೆಯ ದಂಡೆಗೆ ಹೊಳೆಕೊಪ್ಪಲು. ಆ ಊರಿನಲ್ಲಿ ಜವರಯ್ಯನ ಹೆಂಡತಿ ರೇವಮ್ಮ ಎದೆಗೆ ಮದ್ದು ಕೊಡುತ್ತಿದ್ದಳು. ಎದೆಗೆ ಅಂದರೆ ಕೆಮ್ಮಿಗಲ್ಲ, ಕಫಕ್ಕಲ್ಲ. ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವರಿಗೆ, ಕಾಲು ಬಾತು ಬೆರಳೊತ್ತಿದರೆ ಗುಳಿ ಬೀಳುವವರಿಗೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ಬೆಳಗು ಮಾಡುವವರಿಗೆ.

ಮದ್ದು ಯಾವುದರದ್ದು ಅಂತ ಯಾರಿಗೂ ಗೊತ್ತಿರಬಾರದು. ಅದು ಪದ್ಧತಿ. ಹೊಳೆ ತಿರುಗುವಲ್ಲಿ ನೀರಿನ ಕಡೆಗೆ ಬಾಗಿ ನಿಂತಿದ್ದ ಹೊಳೆಮತ್ತಿ ಮರದ ತೊಗಟೆ ಎಂದು ಊರಿಗೆ ಊರೇ ಬಲ್ಲದು, ಆ ಮಾತು ಬೇರೆ. ಬೂದುಬಣ್ಣದ ಆ ನುಣ್ಣನೆ ಮರದ ಮೂಡಲ ಮಗ್ಗುಲಲ್ಲಿ ಅಂಗೈಯಗಲದ ಕಲೆಗಳು ಸಾಲಾಗಿದ್ದವು. ತೊಗಟೆ ಕೆತ್ತಿದ ಜಾಗಕ್ಕೆ ರೇವಮ್ಮ ಕೆಮ್ಮಣ್ಣು ಸಗಣಿ ಮೆತ್ತುತ್ತಿದ್ದಳು, ಅದು ದೂರಕ್ಕೂ ಕಾಣುತ್ತಿತ್ತು. ಆದರೂ ಹೊರಗಿನವರು ಯಾರಾದರೂ ವಿಚಾರಿಸಿದರೆ "ಅದೇನೋ ಬೇರಂತಪ್ಪ, ಎಲ್ಲಿಂದ ತತ್ತಾಳೋ" ಎಂದು ನಮ್ಮ ಜನ ಮುಖ ಗಂಟಿಕ್ಕಿಕೊಂಡು ಹೇಳುತ್ತಿದ್ದರು. ಸುಳ್ಳು ಹೇಳುವುದರಲ್ಲಿ ಅವರಿಗಿದ್ದ ಶ್ರದ್ಧೆ ಬೇಸಾಯದಲ್ಲಿ ಇದ್ದಿದ್ದರೆ ಎಲ್ಲರೂ ಸಾಹುಕಾರರಾಗಿರುತ್ತಿದ್ದರು.

ಈ ವಿದ್ಯೆ ಅವಳಿಗೆ ಬಂದದ್ದು ಅಪ್ಪನಿಂದ. ಆತಗೂರಿನ ಹುಚ್ಚೀರಯ್ಯನಿಗೆ ಗಂಡುಮಕ್ಕಳಿರಲಿಲ್ಲ. ಇದ್ದ ಒಬ್ಬಳೇ ಮಗಳನ್ನು ಹೊಳೆಕೊಪ್ಪಲಿಗೆ ಕೊಟ್ಟಾಗ ಅವಳಿಗೆ ಹದಿನಾಲ್ಕು. ಗಾಡಿ ಹತ್ತಿಸುವ ಮುಂಚೆ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಮೂರು ಕಟ್ಟಳೆ ಹೇಳಿದ್ದ. ಮದ್ದನ್ನು ಮಾರಬಾರದು. ಮರದ ಹೆಸರು ಹೇಳಬಾರದು. ಕೇಳದೆ ಕೊಡಬಾರದು. ಕೇಳುವವರು ಕಾಯಿಲೆಯವರೇ ಆಗಿರಬೇಕು, ಇಲ್ಲವೇ ಅವರ ಮನೆಯವರಾಗಿರಬೇಕು. ನೆಂಟರು, ನೆರೆಯವರು ಕೇಳಿದರೆ ನಡೆಯುವುದಿಲ್ಲ.

"ಯಾಕಪ್ಪ?" ಎಂದಿದ್ದಳು ಹುಡುಗಿ.

"ಕೇಳಿ ಈಸ್ಕೊಂಡೋನು ನಂಬ್ಕೊಂಡು ಕುಡೀತಾನೆ ಕಣಮ್ಮಿ. ನೀನಾಗೇ ಓಗಿ ಬಾಯಿಗುಯ್ದ್ರೆ ಅದು ಮದ್ದಲ್ಲ. ಕಟ್ಟಳೆ ಮುರುದ್ಯಾ, ಮದ್ದು ಕೈ ಬುಟ್ಟೋಯ್ತದೆ. ಆಮೇಕೆ ನೀನು ಯಾರಿಗೆ ಕೊಟ್ರೂ ಅತ್ತಾಕಿಲ್ಲ. ನಿನ್ನ ನಂಬ್ಕೊಂಡಿರೋರೆಲ್ಲ ಕೆಡ್ತಾರೆ."

ಹೀಗಾಗಿ ಅವಳ ಮನೆಗೆ ಬರುವವರಿಗೂ ಒಂದು ಕ್ರಮವಿತ್ತು. ಬರಿಹೊಟ್ಟೆಯಲ್ಲಿ ಬರಬೇಕು. ಹೊಸ್ತಿಲು ದಾಟಬಾರದು. ಬಾಗಿಲಿನ ಎಡಗಡೆ ಜಗಲಿಯ ಅಂಚಿಗೆ ಕೂತು, ಎರಡು ವೀಳ್ಯದೆಲೆ ಒಂದು ಅಡಿಕೆ ಮುಂದಿಟ್ಟು, "ಎದೆಗೆ ಕೇಳಕ್ಕೆ ಬಂದಿವ್ನಿ" ಎನ್ನಬೇಕು. ರೇವಮ್ಮ ಹೊಸ್ತಿಲ ಒಳಗೆ ಕೂತು ಮೂರು ಪ್ರಶ್ನೆ ಹಾಕುತ್ತಿದ್ದಳು. ಅಂಗಾತ ಮಲಗುತ್ತಾನಾ? ಕಾಲು ಒತ್ತಿದರೆ ಗುಳಿ ಬೀಳುತ್ತದಾ? ಹೊಳೆಯಿಂದ, ಇಲ್ಲವೇ ಕೆರೆಯಿಂದ, ಮನೆಗೆ ಬರುವಾಗ ಎಷ್ಟು ಕಡೆ ನಿಲ್ಲುತ್ತಾನೆ? ಮೂರನೆಯದೇ ಮುಖ್ಯ. ಒಂದು ಕಡೆ ಎಂದರೆ ಅವಳ ಮುಖ ಸಡಿಲವಾಗುತ್ತಿತ್ತು. ಏಳೆಂಟು ಕಡೆ ಎಂದರೆ "ಕೊಡ್ತೀನಿ, ಮಾತು ಕೊಡಾಕಿಲ್ಲ" ಎನ್ನುತ್ತಿದ್ದಳು. ನೆರಳಲ್ಲಿ ಒಣಗಿಸಿ ಕುಟ್ಟಿದ ತೊಗಟೆಪುಡಿ, ಹಸುವಿನ ಹಾಲು, ಹಾಲಿನ ನಾಲ್ಕರಷ್ಟು ನೀರು, ಚೂರು ಬೆಲ್ಲ. ನೀರೆಲ್ಲ ಇಂಗಿ ಹಾಲಿನಷ್ಟೇ ಉಳಿಯುವ ತನಕ ಸಣ್ಣ ಉರಿ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ಕುಡಿಯಬೇಕು. ಮತ್ತೆ ಬೇಕಾದರೆ ಮತ್ತೆ ಬಂದು ಕೇಳಬೇಕು. ಕೆಲವರು ಗುಣವಾದರು, ಕೆಲವರು ಹೋದರು. ಹೋದವರ ಮನೆಯವರೂ ದೂರಲಿಲ್ಲ, ಯಾಕೆಂದರೆ ಕೇಳಿದವರು ಅವರೇ.

ಇಷ್ಟೆಲ್ಲ ಕಟ್ಟುನಿಟ್ಟಾಗಿದ್ದ ರೇವಮ್ಮನ ಸ್ವಂತ ಮನೆಯಲ್ಲೇ ಕಟ್ಟಳೆ ಬಂದು ಕಾಲಿಗೆ ತೊಡರಿಕೊಂಡಿತು.

ಅತ್ತೆ ಪುಟ್ಟಮಾದಮ್ಮ ಸೊಸೆಯನ್ನು ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. "ಆತಗೂರೋಳು" ಎಂದೇ ಕರೆಯುತ್ತಿದ್ದಳು. ಆತಗೂರೋಳು ಸಾರಿಗೆ ಉಪ್ಪು ಹಾಕಿಲ್ಲ, ಆತಗೂರೋಳಿಗೆ ಹೇಳಿ ಹಸು ಕಟ್ಟಿಸು. ಅದರಲ್ಲಿ ದ್ವೇಷವೇನೂ ಇರಲಿಲ್ಲ. ಹಸುವನ್ನು ಯಾವ ಜಾತ್ರೆಯಲ್ಲಿ ಹಿಡಿದು ತಂದೆವೋ ಆ ಊರಿನ ಹೆಸರಿನಿಂದ ಕರೆಯುವುದಿಲ್ಲವೇ, ಅಷ್ಟೇ. ರೇವಮ್ಮನೂ ಅದಕ್ಕೆ ಓಗೊಟ್ಟು ಓಗೊಟ್ಟು ತಾನು ಆತಗೂರಿನವಳೇ ಎಂದುಕೊಂಡುಬಿಟ್ಟಿದ್ದಳು.

ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿದ ವರ್ಷ, ಮಳೆ ಶುರುವಾಗುವ ಮುಂಚೆ, ಪುಟ್ಟಮಾದಮ್ಮನ ಕಾಲು ಬಾತವು. ಹೊಳೆಯಿಂದ ಬರುವ ದಾರಿ ಹಿತ್ತಲಿನಿಂದ ಕಾಣುತ್ತಿತ್ತು. ರೇವಮ್ಮ ಪಾತ್ರೆ ಬೆಳಗುತ್ತಾ ಎಣಿಸಿದಳು. ಮೊದಮೊದಲು ಹುಣಸೆಮರದ ಹತ್ತಿರ ಒಂದೇ ಕಡೆ ನಿಲ್ಲುತ್ತಿದ್ದವಳು ತಿಂಗಳೊಳಗೆ ನಾಲ್ಕು ಕಡೆ ನಿಂತಳು. ರೇವಮ್ಮ ಪುಡಿ ಕುಟ್ಟಿ ಮಡಕೆಯಲ್ಲಿಟ್ಟು ಕಾದಳು. ಅತ್ತೆ ಕೇಳಲಿಲ್ಲ. ಆತಗೂರೋಳ ಮುಂದೆ ಸೆರಗೊಡ್ಡಿ ಬದುಕಬೇಕಾ ಎಂದು ಅತ್ತೆ ಮಗನಿಗೆ ಹೇಳಿದ್ದು ಗೋಡೆಯಾಚೆಯಿಂದ ಕೇಳಿಸಿತ್ತು. "ನೀನೂ ಕೇಳ್ಕೂಡದು ಕನ್ಲಾ, ನನ್ನಾಣೆ" ಎಂದದ್ದೂ ಕೇಳಿಸಿತ್ತು. ಜವರಯ್ಯ ತಾಯಿಯ ಮಾತು ಮೀರುವ ಪೈಕಿಯಲ್ಲ. ಅವನೂ ಕೇಳಲಿಲ್ಲ. ಮೂವರೂ ಒಂದೇ ಒಲೆಯ ಮುದ್ದೆ ಉಣ್ಣುತ್ತಾ, ಯಾರು ಮೊದಲು ಬಾಯಿ ಬಿಡುತ್ತಾರೋ ಎಂದು ಎರಡು ತಿಂಗಳು ಕಳೆದರು.

ಆಷಾಢದ ಒಂದು ಮಧ್ಯಾಹ್ನ ಪುಟ್ಟಮಾದಮ್ಮ ಹುಣಸೆಮರದ ಬುಡದ ಕಲ್ಲಿನ ಮೇಲೆ ಕೂತವಳು ಏಳಲಿಲ್ಲ. ಜವರಯ್ಯ ತಾಯಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದ. ಹನ್ನೊಂದನೆಯ ದಿನ ನೆಂಟರೆಲ್ಲ ಹೋದ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಪುಡಿ ಮಡಗಿದ್ದೆ ಅಂತಲ್ಲ," ಎಂದ.

"ಊಂ."

"ಕೊಡಬೋದಾಗಿತ್ತಲ್ಲ."

"ಯಾರೂ ಕೇಳ್ನಿಲ್ಲ," ಎಂದಳು ರೇವಮ್ಮ.

ಸುಳ್ಳಲ್ಲದ ಮಾತು. ಆದರೆ ಬಾಯಿಂದ ಬಿದ್ದ ಕೂಡಲೇ ಅದು ಎಷ್ಟು ಕೆಟ್ಟ ಮಾತು ಎಂದು ಅವಳಿಗೆ ಗೊತ್ತಾಯಿತು. ಜವರಯ್ಯ ಹೊರಗೆ ಹೋದ. ಅಲ್ಲಿಂದಾಚೆಗೆ ಅವಳೊಡನೆ ಮಾತಾಡಲಿಲ್ಲ.

ಬೈಯಲಿಲ್ಲ, ಹೊಡೆಯಲಿಲ್ಲ, ಊಟ ಬಿಡಲಿಲ್ಲ. ಮಾತು ಮಾತ್ರ ಬಿಟ್ಟ. ಒಂದು ಮನೆಯಲ್ಲಿ ಇಬ್ಬರೇ ಇದ್ದು ಮಾತಿಲ್ಲದೆ ಸಂಸಾರ ನಡೆಸಲು ಆಗುವುದಿಲ್ಲ ಎನ್ನುವವರು ಒಮ್ಮೆ ಪ್ರಯತ್ನ ಮಾಡಿ ನೋಡಬೇಕು, ಬಹಳ ಸಲೀಸು. ಬಾಗಿಲ ಗೂಡಿನಲ್ಲಿ ಅವನು ಮಚ್ಚು ಇಟ್ಟರೆ ಕಬ್ಬಿನ ಗದ್ದೆಗೆ ಹೋಗುತ್ತಾನೆ, ಛತ್ರಿ ಇಟ್ಟರೆ ಮದ್ದೂರಿಗೆ. ಅವಳು ಉಪ್ಪಿನ ಮಡಕೆಯ ಮುಚ್ಚಳ ಮಗುಚಿಟ್ಟರೆ ಉಪ್ಪು ಮುಗಿದಿದೆ. ಹಸು ಗಬ್ಬವಾದರೆ ಅದೇ ಕಾಣುತ್ತದೆ, ಹೇಳುವುದೇನಿದೆ. ಊರವರಿಗೆ ಮೊದಲ ವರ್ಷ ಇದು ದೊಡ್ಡ ಸುದ್ದಿ. ಎರಡನೆಯ ವರ್ಷ ತಮಾಷೆ. ಆಮೇಲೆ ಮರೆತೇ ಹೋಯಿತು. ಯುದ್ಧ ಬಂದು ಸೀಮೆಎಣ್ಣೆಗೆ ಸಾಲು ನಿಲ್ಲುವ ಕಾಲದಲ್ಲಿ ಯಾರ ಮನೆಯಲ್ಲಿ ಯಾರು ಮಾತು ಬಿಟ್ಟರು ಅಂತ ನೋಡಲು ಯಾರಿಗೆ ಪುರಸೊತ್ತು?

ಮೊದಲ ತಿಂಗಳುಗಳಲ್ಲಿ ರೇವಮ್ಮ ಒಬ್ಬಳೇ ಇದ್ದಾಗ ಅತ್ತಳು. ಆಮೇಲೆ ಅಳುವೂ ನಿಂತಿತು. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಗೊತ್ತಾಗುವುದಿಲ್ಲ, ಅವಳ ಒಳಗೆಲ್ಲ ಹಾಗಾಗಿಹೋಗಿತ್ತು. ಮಳವಳ್ಳಿಗೆ ಕೊಟ್ಟಿದ್ದ ಮಗಳು ಮಲ್ಲಿಗಮ್ಮ ಚೊಚ್ಚಲ ಬಾಣಂತನಕ್ಕೆ ಬಂದು ಹಡೆದಾಗ ಕೂಸನ್ನು ಮಡಿಲಿಗೆ ಹಾಕಿಕೊಂಡಳು. ಕೂಸು ಬೆಚ್ಚಗಿತ್ತು. ಬೆಚ್ಚಗಿದೆ ಎಂದುಕೊಂಡಳು, ಅಷ್ಟೇ. ಪೆಟ್ರೋಲು ಸಿಗದೆ ಇದ್ದಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸುಗಳಿಗೆಂದು ಇದ್ದಲು ಸುಡುವವರು ಬಂದು ಹೊಳೆದಂಡೆಯ ಮತ್ತಿ ಮರಗಳನ್ನೆಲ್ಲ ಉರುಳಿಸಿದರು. ನೀರಿಗೆ ಬಾಗಿದ್ದ ಮರ ಕಡಿದರೆ ಹೊಳೆಗೇ ಬೀಳುತ್ತದೆಂದು ಅದೊಂದನ್ನು ಮಾತ್ರ ಬಿಟ್ಟರು. ಅವಳ ಮರ ಉಳಿಯಿತು ಎಂದು ಊರವರು ಬಂದು ಸಂತೋಷ ಹೇಳಿದರು. ಅವಳು ಹೌದಾ ಎಂದಳು.

ಮದ್ದು ಮಾತ್ರ ಕೊಡುತ್ತಲೇ ಇದ್ದಳು. ಕಾಳಮುದ್ದನದೊಡ್ಡಿಯಿಂದ, ಮದ್ದೂರಿನಿಂದ, ಒಮ್ಮೊಮ್ಮೆ ಮಂಡ್ಯದ ಕಡೆಯಿಂದ ಜನ ಬಂದು ಜಗಲಿಯ ಎಡ ಅಂಚಿಗೆ ಕೂತು ಕೇಳುತ್ತಿದ್ದರು. ಬಲಗಡೆ ಜಗಲಿಯಲ್ಲಿ ಜವರಯ್ಯ ಹಗ್ಗ ಹೊಸೆಯುತ್ತಾ ಕೂತಿರುತ್ತಿದ್ದ. "ಎದೆಗೆ ಕೇಳಕ್ಕೆ ಬಂದಿವ್ನಿ" ಎನ್ನುವ ಮಾತನ್ನು ಆರು ವರ್ಷದಲ್ಲಿ ಅವನು ನೂರು ಸಲ ಕೇಳಿಸಿಕೊಂಡಿರಬಹುದು. ಕೇಳಿಸಿದಾಗೊಮ್ಮೆ ಅವನ ಕೈ ಹಗ್ಗದ ಮೇಲೆ ನಿಲ್ಲುತ್ತಿತ್ತು. ಮತ್ತೆ ಹೊಸೆಯುತ್ತಿತ್ತು.

ಯುದ್ಧ ಇನ್ನೂ ಮುಗಿದಿರಲಿಲ್ಲ. ಆ ವರ್ಷದ ಸುಗ್ಗಿಯಲ್ಲಿ ರೇವಮ್ಮ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಾಗ ಜವರಯ್ಯ ಹೊಳೆಯಿಂದ ಎತ್ತು ಹೊಡೆದುಕೊಂಡು ಬರುವುದು ಕಾಣಿಸಿತು. ಹುಣಸೆಮರದ ಹತ್ತಿರ ನಿಂತ. ಕಲ್ಲಿನ ಮೇಲೆ ಕೂರಲಿಲ್ಲ, ತಾಯಿ ಸತ್ತ ಮೇಲೆ ಆ ಕಲ್ಲಿನ ಮೇಲೆ ಅವನು ಕೂತವನಲ್ಲ. ಮರಕ್ಕೆ ಕೈಕೊಟ್ಟು ನಿಂತು, ಎತ್ತುಗಳು ಮುಂದೆ ಹೋದರೂ ಸುಮ್ಮನಿದ್ದ.

ರೇವಮ್ಮನ ಕೈಯಲ್ಲಿದ್ದ ತೆಂಗಿನ ನಾರು ನಿಂತಿತು. ಒಂದು, ಎಂದುಕೊಂಡಳು.

ಆಮೇಲೆ ದಿನವೂ ಎಣಿಸಿದಳು. ಎಣಿಸಬೇಕೆಂದು ಅಲ್ಲ, ಕಣ್ಣಿಗೆ ಅದೇ ಅಭ್ಯಾಸ. ಯುಗಾದಿಗೆ ಎರಡು ಆಯಿತು, ಬೇಸಗೆ ಮುಗಿಯುವಷ್ಟರಲ್ಲಿ ಮೂರು. ಅವನು ಚಾಪೆಯನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡ. ಅಂಗಾತ ಮಲಗುವುದು ಬಿಟ್ಟಿದ್ದಾನೆ ಎಂದಾಯಿತು. ಒಂದು ದಿನ ಕಾಲು ತೊಳೆದುಕೊಂಡು ಬಂದು ಜಗಲಿಯಲ್ಲಿ ಕೂತಿದ್ದಾಗ ಎತ್ತಿನ ಹಗ್ಗ ಕಣಕಾಲಿಗೆ ಸುತ್ತಿಕೊಂಡಿತ್ತು. ಅದನ್ನು ಬಿಡಿಸಿದ ಮೇಲೂ ಹಗ್ಗದ ಗುರುತು ಗುಳಿಯಾಗಿ ಹಾಗೇ ನಿಂತಿತು. ಮೂರು ಪ್ರಶ್ನೆಗೂ ಉತ್ತರ ಸಿಕ್ಕಿತ್ತು. ಕೇಳುವವನು ಮಾತ್ರ ಕೇಳಲಿಲ್ಲ.

ಅವನು ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತಾಯಿಗೆ ಸಿಗದ ಮದ್ದನ್ನು ತಾನು ಬಾಯಿಬಿಟ್ಟು ಕೇಳಿ ಕುಡಿಯುವ ಗಂಡಸಲ್ಲ ಅವನು. ಸಿಟ್ಟು ಅವಳ ಮೇಲೋ, ತನ್ನ ಮೇಲೋ, ಅವನಿಗೇ ಗೊತ್ತಿತ್ತೋ ಇಲ್ಲವೋ. ಹೊಳೆಯಿಂದ ಮನೆಗೆ ಬರುತ್ತಾ, ನಿಂತು ನಿಂತು, ತಾಯಿ ಹೋದ ದಾರಿಯಲ್ಲೇ ಅವನು ಹೋಗುತ್ತಿದ್ದ.

ಅವನ ಜೊತೆಗಾರ ಅಂಕಯ್ಯ ಬಲವಂತ ಮಾಡಿ ಗಾಡಿ ಕಟ್ಟಿ ಮದ್ದೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಉಪ್ಪು ಬಿಡು, ಕೆಲಸ ಬಿಡು ಎಂದರು, ಬೇಕಾದ ಔಷಧಿ ಯುದ್ಧದ ದೆಸೆಯಿಂದ ಬರುತ್ತಿಲ್ಲ ಎಂದರು. ಜವರಯ್ಯ ಉಪ್ಪನ್ನೂ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಎರಡು ದಿನ ಬಿಟ್ಟು ಅಂಕಯ್ಯ ಸ್ನಾನ ಮಾಡಿ, ಬರಿಹೊಟ್ಟೆಯಲ್ಲಿ ಬಂದು, ಎಡಗಡೆ ಜಗಲಿಗೆ ಕೂತು ಎಲೆ ಅಡಿಕೆ ಇಟ್ಟ. ಜವರಯ್ಯ ಆಗ ಗದ್ದೆಗೆ ಹೋಗಿದ್ದ.

"ಅತ್ಗೆ, ಎದೆಗೆ ಕೇಳಕ್ಕೆ ಬಂದಿವ್ನಿ. ಜವರಂಗೆ."

"ನೀನು ಮನೇವನಲ್ಲ ಕಣಣ್ಣ."

"ಮೂವತ್ತು ವರ್ಸ ಒಂದೇ ನೊಗುಕ್ಕೆ ಎತ್ತು ಕಟ್ಟಿವ್ನಿ. ಇನ್ನೆಂಗೆ ಮನೇವನಾಗ್ಬೇಕು?"

"ಅಂಗಲ್ಲ ಕಣಣ್ಣ. ಕಟ್ಟಳೆ."

"ನಿನ್ನ ಕಟ್ಟಳೆಗೆ ಬೆಂಕಿ ಬೀಳ!" ಎಂದು ಅಂಕಯ್ಯ ಎಲೆ ಅಡಿಕೆ ಎತ್ತಿಕೊಂಡು ಎದ್ದುಹೋದ. ಬೆಂಕಿ ಬೀಳಲಿ ಎಂದು ಅವಳಿಗೂ ಅನಿಸಿತು. ಆದರೆ ಆ ತಿಂಗಳು ಕಾಳಮುದ್ದನದೊಡ್ಡಿಯ ತಿಮ್ಮಯ್ಯ ಅವಳ ಮದ್ದು ಕುಡಿಯುತ್ತಾ ಏಳು ಕಡೆಯಿಂದ ನಾಲ್ಕಕ್ಕೆ ಇಳಿದಿದ್ದ. ಇನ್ನೂ ಇಬ್ಬರು ಹೆಂಗಸರು ಕುಡಿಯುತ್ತಿದ್ದರು. ಮದ್ದು ಕೈ ಬಿಟ್ಟರೆ ಅವರೂ ಹೋಗುತ್ತಾರೆ ಎಂದು ಅಪ್ಪ ಹೇಳಿದ್ದ. ಅಪ್ಪ ಹೇಳಿದ್ದು ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡಲು ಅವಳ ಹತ್ತಿರ ಇದ್ದದ್ದು ಆ ಮೂವರ ಜೀವ.

ಒಂದು ಬೆಳಿಗ್ಗೆ ಕೈ ತಾನಾಗಿಯೇ ಹಾಲು ಒಲೆಗಿಟ್ಟಿತು. ಪುಡಿ ಹಾಕಿತು. ಇಂಗಿಸಿ ಲೋಟಕ್ಕೆ ಬಗ್ಗಿಸಿ, ಮಜ್ಜಿಗೆಗೆ ಬೆರೆಸಿದರೆ ಗೊತ್ತಾದೀತೇ ಎಂದು ಯೋಚಿಸಿದಳು. ಗೊತ್ತಾಗುತ್ತದೆ. ಇಪ್ಪತ್ತೆಂಟು ವರ್ಷದಿಂದ ಆ ವಾಸನೆಯಲ್ಲೇ ಇದ್ದವನು. ಗೊತ್ತಾಗಿ, ಮಜ್ಜಿಗೆ ದೂರ ತಳ್ಳಿದರೆ ಅಲ್ಲಿಗೆ ಆ ಬಾಗಿಲೂ ಮುಚ್ಚಿತು. ಲೋಟ ಆರಿ ಕೆನೆಗಟ್ಟುವ ತನಕ ನೋಡುತ್ತಾ ನಿಂತಿದ್ದು, ಕೊನೆಗೆ ಹಿತ್ತಲ ಬಾಳೆಯ ಬುಡಕ್ಕೆ ಸುರಿದಳು. ಭಯವಾಗಬೇಕಿತ್ತು, ಆಗಲಿಲ್ಲ. ದುಃಖವೂ ಆಗಲಿಲ್ಲ. ಬಾಳೆಯ ಬುಡದಲ್ಲಿ ಬಿಳಿ ನೊರೆ ನಿಂತಿದ್ದನ್ನು ನೋಡಿ ಹಾಲು ದಂಡವಾಯಿತಲ್ಲ ಎಂದುಕೊಂಡಳು.

ಅಂಕಯ್ಯ ಸುಮ್ಮನೆ ಕೂರುವವನಲ್ಲ. ಮಳವಳ್ಳಿಗೆ ಹೇಳಿಕಳಿಸಿದ. ಮಲ್ಲಿಗಮ್ಮ ಕೂಸನ್ನು ಗಂಡನ ಮನೆಯಲ್ಲಿ ಬಿಟ್ಟು ಓಡಿಬಂದಳು. ಬಂದ ದಿನ ಅಪ್ಪ ಹೊಳೆಯಿಂದ ಬರುವುದನ್ನು ಹಿತ್ತಲಲ್ಲಿ ನಿಂತು ನೋಡಿದಳು. ರೇವಮ್ಮ ಪಕ್ಕದಲ್ಲಿ ನಿಂತು ಎಣಿಸಿದಳು. ಹುಣಸೆಮರ, ಅಂಕಯ್ಯನ ಕಣದ ಬೇಲಿ, ಕಲ್ಲುಕಂಬ, ಮಾರಮ್ಮನ ಗುಡಿಯ ಜಗಲಿ, ಆಮೇಲೆ ಮನೆಯ ಪಕ್ಕದ ಗಾಡಿಯ ಮೂಕಿ. ಐದು.

ಮಲ್ಲಿಗಮ್ಮ ಮೋರೆ ತೊಳೆದುಕೊಂಡು ಹೊರಗೆ ಹೋಗಿ ಎಡಗಡೆ ಜಗಲಿಯ ಅಂಚಿಗೆ ಕೂತಳು.

"ಅವ್ವ, ಬಾ ಇಲ್ಲಿ. ಎದೆಗೆ ಕೇಳಕ್ಕೆ ಬಂದಿವ್ನಿ."

"ಏಳು ಮಗ. ನೀನು ಕೇಳಂಗಿಲ್ಲ."

"ಯಾಕೆ? ನಾನು ಅವನ ಮಗಳಲ್ವಾ?"

"ಮಗಳೇ. ಮನೆಯೋಳಲ್ಲ. ಕೊಟ್ಟ ಮೇಲೆ ನೀನು ಮಳವಳ್ಳಿ ಮನೆಯೋಳು."

ಮಲ್ಲಿಗಮ್ಮನಿಗೆ ಕಣ್ಣು ಉಕ್ಕಿಬಂತು. ತವರುಮನೆಯ ಜಗಲಿಯ ಮೇಲೆ ಕೂತು ನೀನು ಈ ಮನೆಯವಳಲ್ಲ ಎನ್ನಿಸಿಕೊಂಡರೆ ಯಾವ ಹೆಣ್ಣಿಗೆ ತಾನೇ ಉರಿಯುವುದಿಲ್ಲ? ಅವಳು ಎದ್ದು ನಿಂತು, ಬೀದಿಯವರಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಆಯ್ತು ಬುಡು! ಕೊಟ್ಟ ಮೇಲೆ ನಾನು ಓದ ಮನೆಯೋಳು. ಅಂಗಾದ್ರೆ ನೀನು? ನಿನ್ನೂ ಆತಗೂರಿಂದ ಇಲ್ಲಿಗೆ ಕೊಟ್ಟವ್ರೆ. ನೀನು ಈ ಮನೆಯೋಳಲ್ವಾ? ಇಲ್ಲ ನೀನೂ ಯಾವ ಮನೆಯೋಳೂ ಅಲ್ವಾ?"

ರೇವಮ್ಮ ಹೊಸ್ತಿಲ ಒಳಗೆ ನಿಂತಿದ್ದಳು. ಮಲ್ಲಿಗಮ್ಮ ಅಳುತ್ತಾ ಅಂಕಯ್ಯನ ಮನೆಗೆ ಹೋದಳು.

ಅಪ್ಪ ಹೇಳಿದ್ದನ್ನು ರೇವಮ್ಮ ಒಂದೊಂದೇ ಮಾತು ಬಿಡಿಸಿ ನೋಡಿದಳು. ಕಾಯಿಲೆಯವರು ಕೇಳಬೇಕು, ಇಲ್ಲವೇ ಮನೆಯವರು ಕೇಳಬೇಕು. ಕೊಡುವವಳು ಕೇಳಬಾರದು ಎಂದು ಅಪ್ಪ ಹೇಳಿರಲಿಲ್ಲ. ಯಾಕೆ ಹೇಳುತ್ತಾನೆ, ಅವನಿಗೆ ಅದು ಹೊಳೆದೇ ಇರಲಿಲ್ಲ. ಅವಳಿಗೂ ಇಷ್ಟು ದಿನ ಹೊಳೆದಿರಲಿಲ್ಲ.

ಮಾರನೆಯ ದಿನ ಅವಳು ಹೊತ್ತು ಹುಟ್ಟುವ ಮುಂಚೆ ಹೋಗಿ ಮರದ ಮೂಡಲ ಮಗ್ಗುಲಿನಲ್ಲಿ ಅಂಗೈಯಗಲ ತೊಗಟೆ ಕೆತ್ತಿ, ಮಣ್ಣು ಮೆತ್ತಿ ಬಂದು, ಮುಂದಿನ ಪುಡಿಗೆಂದು ನೆರಳಲ್ಲಿ ಹರವಿದಳು. ಸ್ನಾನ ಮಾಡಿದಳು. ಎರಡು ವೀಳ್ಯದೆಲೆ, ಒಂದು ಅಡಿಕೆ ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ಮನೆಯನ್ನು ಸುತ್ತಿ, ಬೀದಿಯ ಕಡೆಯಿಂದ ಬಂದಳು. ಬೇರೆಯವರು ಬರುವ ಹಾಗೆಯೇ ಬಂದಳು. ಬಲಗಡೆ ಜಗಲಿಯಲ್ಲಿ ಜವರಯ್ಯ ಗೋಡೆಗೊರಗಿ ಕೂತಿದ್ದ. ಅವನ ಕಡೆ ನೋಡದೆ ಎಡಗಡೆಯ ಅಂಚಿಗೆ ಕೂತು ಎಲೆ ಅಡಿಕೆ ಮುಂದಿಟ್ಟಳು.

"ಎದೆಗೆ ಕೇಳಕ್ಕೆ ಬಂದಿವ್ನಿ," ಎಂದು ಖಾಲಿ ಬಾಗಿಲಿಗೆ ಹೇಳಿದಳು. "ನನ್ನ ಮನೆಯವರಿಗೆ."

ಆಮೇಲೆ ಎದ್ದು ಹೊಸ್ತಿಲು ದಾಟಿ ಒಳಗೆ ಕೂತಳು. ಒಳಗಿನಿಂದ ಕೇಳಿದಳು: "ಅಂಗಾತ ಮನಗ್ತಾರಾ?" ಮತ್ತೆ ಎದ್ದು ಹೊರಗೆ ಬಂದು ಜಗಲಿಯಲ್ಲಿ ಕೂತು ಹೇಳಿದಳು: "ಇಲ್ಲ, ಗೋಡೆಗೆ ಒರಗ್ತಾರೆ." ಒಳಗೆ ಹೋದಳು: "ಕಾಲು ಒತ್ತಿದ್ರೆ ಗುಳಿ ಬೀಳ್ತದಾ?" ಹೊರಗೆ ಬಂದಳು: "ಬೀಳ್ತದೆ." ನಗುವವರು ನಗಬಹುದು. ನೀರಿಗೆ ಹೊರಟಿದ್ದ ಇಬ್ಬರು ಹೆಂಗಸರು ಕೊಡ ಕಂಕುಳಲ್ಲಿಟ್ಟುಕೊಂಡು ನಿಂತು ನೋಡಿದರು, ರೇವಮ್ಮನಿಗೆ ತಲೆಕೆಟ್ಟಿತೇನೋ ಎಂದುಕೊಂಡರು, ಆದರೆ ಅವಳ ಮುಖ ನೋಡಿ ಯಾರಿಗೂ ನಗು ಬರಲಿಲ್ಲ.

ಮೂರನೆಯ ಸಲ ಒಳಗೆ ಹೋದಳು. "ಒಳೆಯಿಂದ ಮನೆಗೆ ಬರೋವಾಗ ಎಷ್ಟು ಕಡೆ ನಿಲ್ತಾರೆ?"

ಹೊರಗೆ ಬಂದು ಕೂತಳು. "ಐದು ಕಡೆ."

ಬಲಗಡೆ ಜಗಲಿಯಿಂದ ಸದ್ದಾಯಿತು. ತಿರುಗಿ ನೋಡಿದಳು. ಜವರಯ್ಯ ಬಲಗೈಯ ಐದೂ ಬೆರಳು ಬಿಚ್ಚಿ ತೋರಿಸಿ, ಎಡಗೈಯ ಒಂದು ಬೆರಳು ಸೇರಿಸಿದ. ಆರು. ಮಾರಮ್ಮನ ಗುಡಿಯ ಹಿಂದೆ, ಹಿತ್ತಲಿಗೆ ಕಾಣದ ಕಡೆ, ಅವನು ಇನ್ನೊಂದು ಸಲ ನಿಲ್ಲುತ್ತಿದ್ದ.

"ಆರು ಕಡೆ," ಎಂದು ರೇವಮ್ಮ ತಿದ್ದಿ ಹೇಳಿದಳು. ಒಳಗೆ ಹೋಗಿ ಹಾಲು ಒಲೆಗಿಟ್ಟಳು.

ಲೋಟ ತಂದು ಅವನ ಪಕ್ಕದಲ್ಲಿಟ್ಟು ಬಾಗಿಲ ಮರೆಗೆ ನಿಂತಳು. ಅವನು ಬಹಳ ಹೊತ್ತು ಲೋಟ ನೋಡಿದ. ಆಮೇಲೆ ಎತ್ತಿ, ಮೂಗು ಮುರಿದು, ಕುಡಿದ. ಮಾತಾಡಲಿಲ್ಲ. ಮಲ್ಲಿಗಮ್ಮ ಅಂಕಯ್ಯನ ಮನೆಯಿಂದ ಬಂದು ಖಾಲಿ ಲೋಟ ನೋಡಿ ಅವ್ವನನ್ನು ತಬ್ಬಿಕೊಂಡಳು. ರೇವಮ್ಮ ಬಿಡಿಸಿಕೊಂಡು ಲೋಟ ತೊಳೆಯಲು ಹೋದಳು.

ನಲವತ್ತೆಂಟು ದಿನ ಹಾಗೇ ನಡೆಯಿತು. ಮಲ್ಲಿಗಮ್ಮ ಎಂಟು ದಿನವಿದ್ದು ಮಳವಳ್ಳಿಗೆ ಹೋದಳು. ಬೆಳಿಗ್ಗೆ ಲೋಟ ಇಡುತ್ತಾಳೆ, ಅವನು ಕುಡಿಯುತ್ತಾನೆ. ಗೂಡಿನಲ್ಲಿ ಛತ್ರಿ, ಉಪ್ಪಿನ ಮಡಕೆಯ ಮುಚ್ಚಳ, ಎಲ್ಲ ಮೊದಲಿನಂತೆಯೇ. ಆರು ಐದಾಯಿತು, ಐದರಲ್ಲೇ ಹದಿನೈದು ದಿನ ನಿಂತಿತು, ಆಮೇಲೆ ಮೂರು. ಮದ್ದಿನಿಂದಲೋ, ಬೇಸಾಯವನ್ನು ಅಂಕಯ್ಯನ ಮೇಲೆ ಹಾಕಿ ಕೂತಿದ್ದರಿಂದಲೋ, ಹೇಳುವವರು ಯಾರು? ಚಾಪೆ ಗೋಡೆಯಿಂದ ಒಂದು ಮೊಳ ದೂರ ಬಂತು. ಕೊನೆಯ ವಾರ ಹೊಳೆಯಿಂದ ಬರುತ್ತಾ ಒಂದೇ ಕಡೆ ನಿಂತ, ಹುಣಸೆಮರದ ಹತ್ತಿರ. ಅದೂ ಉಸಿರಿಗಲ್ಲ. ತಾಯಿ ಕೂತಿದ್ದ ಕಲ್ಲಿನ ಮೇಲೆ ಮೊದಲ ಸಲ ಕೂತ. ಹಿತ್ತಲಲ್ಲಿ ರೇವಮ್ಮ ಮುಸುರೆ ಕೈಯಲ್ಲೇ ನಿಂತು ನೋಡಿದಳು. ಎದ್ದು ಬಂದ.

ನಲವತ್ತೊಂಬತ್ತನೆಯ ದಿನ ಎರಡನೆಯ ಮಂಡಲಕ್ಕೆ ಕೇಳಬೇಕು. ರೇವಮ್ಮ ಸ್ನಾನ ಮಾಡಿ, ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ಮನೆ ಸುತ್ತಿ ಬಂದು, ಎಡಗಡೆ ಜಗಲಿಗೆ ಕೂತು ಎಲೆ ಅಡಿಕೆ ಇಟ್ಟಳು.

"ಎದೆಗೆ ಕೇಳಕ್ಕೆ ಬಂದಿವ್ನಿ. ನನ್ನ ಮನೆಯವರಿಗೆ."

ಏಳಬೇಕೆನ್ನುವಷ್ಟರಲ್ಲಿ ಬಲಗಡೆಯಿಂದ ದನಿ ಬಂತು. ಆರು ವರ್ಷ ಅವಳ ಕಡೆಗೆ ತಿರುಗದ ದನಿ, ಸ್ವಲ್ಪ ಒಡೆದಿತ್ತು.

"ಅವ್ವುಂಗೂ ಇಂಗೆ ನೀನೇ ಕೇಳಬೋದಾಗಿತ್ತಲ್ಲ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಳೆ ಎಲ್ಲಿ ತನಕ ಬಂತು ಎಂದು ಕೇಳುವ ಹಾಗಿತ್ತು. ನಲವತ್ತೆಂಟು ದಿನದಿಂದ ಅವನು ಅದನ್ನೇ ಯೋಚಿಸಿಕೊಂಡು ಕೂತಿದ್ದ ಎಂದು ಅವಳಿಗೆ ಆಗ ಗೊತ್ತಾಯಿತು. ಅವಳು ಮಾತ್ರ ಯೋಚಿಸಿರಲಿಲ್ಲ. ಗಂಡನಿಗೆ ಬಾಗಿಲು ಸಿಕ್ಕಿತು ಎಂದು ದಾಟಿಬಿಟ್ಟಿದ್ದಳು, ಅದೇ ಬಾಗಿಲು ಆಗಲೂ ತೆರೆದಿತ್ತು ಎಂದು ತಿರುಗಿ ನೋಡಿರಲಿಲ್ಲ. ಪುಡಿ ಮಡಕೆಯಲ್ಲಿತ್ತು. ಎಲೆ ಅಡಿಕೆ ಮನೆಯಲ್ಲಿತ್ತು. ಜಗಲಿ ಇಲ್ಲೇ ಇತ್ತು. ನಾಲ್ಕು ಹೆಜ್ಜೆ ಮನೆ ಸುತ್ತಿ ಬಂದು ನನ್ನ ಅತ್ತೆಗೆ ಎಂದಿದ್ದರೆ ಸಾಕಿತ್ತು. ತಾನು ಆತಗೂರೋಳು ಎಂದುಕೊಂಡು ಎರಡು ತಿಂಗಳು ಪಾತ್ರೆ ಬೆಳಗುತ್ತಾ ಎಣಿಸಿದಳು.

"ಊಂ," ಎಂದಳು. "ಕೇಳಬೋದಾಗಿತ್ತು."

ಕಾಲಿನ ಜೋಮು ಬಿಡುವಾಗ ಹೇಗೆ ಮೊದಲು ಸೂಜಿ ಚುಚ್ಚಿದಂತಾಗಿ ಆಮೇಲೆ ತಡೆಯಲಾರದ ನೋವಾಗುತ್ತದೋ ಹಾಗೆ ಅವಳಿಗೆ ಎದೆಯೊಳಗೆ ನೋಯತೊಡಗಿತು. ಆರು ವರ್ಷದಿಂದ ಬರಬೇಕಾಗಿದ್ದದ್ದೆಲ್ಲ ಒಟ್ಟಿಗೆ ಬಂತು. ಮಲ್ಲಿಗಮ್ಮನ ಕೂಸಿನ ಬಿಸಿ ಬಂತು, ಬಾಳೆಯ ಬುಡಕ್ಕೆ ಚೆಲ್ಲಿದ ಹಾಲು ಬಂತು, ಅತ್ತೆಯ ಬಾತ ಕಾಲು ಬಂತು. ಏಳಬೇಕು, ಒಳಗೆ ಹೋಗಿ ಮೂರು ಪ್ರಶ್ನೆ ಕೇಳಬೇಕು. ಏಳಲು ಆಗಲಿಲ್ಲ. ಕೇಳುವವರು ಕೂರುವ ಅಂಚಿನಲ್ಲೇ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಬಿಸಿಲು ಜಗಲಿಗೆ ಬಂತು. ನೀರಿಗೆ ಹೋದ ಹೆಂಗಸರು ತುಂಬಿದ ಕೊಡ ಹೊತ್ತು ವಾಪಸು ಬಂದರು, ನೋಡಿಯೂ ನೋಡದವರಂತೆ ಹೋದರು.

ಜವರಯ್ಯ ಬಲಗಡೆ ಜಗಲಿಯಿಂದ ಮೆಲ್ಲನೆ ಇಳಿದ. ಬಾಗಿಲ ಮುಂದೆ ಹಾದು ಎಡಗಡೆಗೆ ಬಂದು, ಅವಳಿಂದ ಒಂದು ಮೊಳ ದೂರದಲ್ಲಿ ಅಂಚಿಗೆ ಕೂತ. ಅವಳು ಇಟ್ಟಿದ್ದ ಎಲೆ ಅಡಿಕೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡ.

"ನಾನೂ ಕೇಳ್ನಿಲ್ಲ," ಎಂದ.

ಆಮೇಲೆ ಬಾಗಿಲ ಕಡೆ ನೋಡುತ್ತಾ ಹೇಳಿದ.

"ಎದೆಗೆ ಕೇಳಕ್ಕೆ ಬಂದಿವ್ನಿ. ಒಳಿಕ್ಕೋಗಿ ಕೂತ್ಕೊ ಅಮ್ಮಿ."

ರೇವಮ್ಮ ಗೋಡೆ ಹಿಡಿದುಕೊಂಡು ಎದ್ದು, ಹೊಸ್ತಿಲು ದಾಟಿ, ಒಳಗೆ ಕೂತಳು. ಕಣ್ಣೊರೆಸಿಕೊಂಡು ಮೊದಲನೆಯ ಪ್ರಶ್ನೆ ಕೇಳಿದಳು.